ಬಂಬಕ್ಕೆ ಕೌದಿ ಹೊದಿಸಿದ ಬೇಸಿಗೆ

ಸೊಲ್ಲಾಪುರದ ಬೇಸಿಗೆಯಲ್ಲಿ ಬಿಸಿನೀರಿನ ಸ್ನಾನ ಮಾಡುವವರನ್ನು ಯಾರೂ ಶಾಣ್ಯಾರೆನ್ನಲಾರರು. ನನ್ನ ಮಾವನವರು ಮಾಡುತ್ತಿದ್ದರು. ನೂಲಿನ ವ್ಯಾಪಾರದಲ್ಲಿ ಅವರನ್ನು ಮೀರಿಸಿದ ಶಾಣ್ಯಾ ಆ ಪೇಟೆಯಲ್ಲಿ ಇರಲಿಲ್ಲವಾದ್ದರಿಂದ ಈ ಒಂದು ವಿಷಯದಲ್ಲಿ ಅವರಿಗೆ ಬುದ್ಧಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಚೈತ್ರ ವೈಶಾಖದಲ್ಲಿ ಅಂಗಳ ರೊಟ್ಟಿಯ ಹಂಚಿನಂತೆ ಕಾದಿರಲಿ, ಮುಂಜಾನೆ ಬಟ್ಟೆ ಗಿರಣಿಯ ಎರಡನೆಯ ಭೋಂಗಾ ಕೂಗುವ ಹೊತ್ತಿಗೆ ಅವರಿಗೆ ಎರಡು ಕೊಡ ಬಿಸಿನೀರು ಬಚ್ಚಲಿನಲ್ಲಿ ಸಿದ್ಧವಿರಬೇಕು. "ಬ್ಯಾಸಗ್ಯಾಗ ಬಿಸಿನೀರು ಹಾಕ್ಕೊಂಡ್ರ ಮೈ ತಂಪಾಗ್ತದ" ಎನ್ನುತ್ತಿದ್ದರು. ತಂಪಾಗುತ್ತಿದ್ದುದು ಅವರ ಮೈ, ಬೇಯುತ್ತಿದ್ದುದು ನಮ್ಮದು.

ನೀರು ಕಾಯುತ್ತಿದ್ದುದು ಬಂಬದಲ್ಲಿ. ಸೊಂಟದೆತ್ತರದ ತಾಮ್ರದ ಪೀಪಾಯಿ. ನಡುವೆ ಮೇಲಿಂದ ಕೆಳಗಿನವರೆಗೆ ಒಂದು ಕೊಳವೆ. ಕೊಳವೆಯೊಳಗೆ ಬೆಂಕಿ, ಅದರ ಸುತ್ತ ನೀರು, ಕೆಳಗೆ ಬೂದಿ ಉದುರುವ ಜಾಲರಿ, ಮುಂದೆ ನೀರು ಬಿಡಲು ಹಿತ್ತಾಳೆಯ ತೋಟಿ. ತಡವಳದ ಒಕ್ಕಲುಮನೆಯಲ್ಲಿ ಬೆಳೆದ ನಾನು ಮದುವೆಗೆ ಮುಂಚೆ ಅದನ್ನು ಕಂಡವಳೇ ಅಲ್ಲ. ನಮ್ಮಲ್ಲಿ ಮಣ್ಣಿನ ಒಲೆಗೆ ಕೂರಿಸಿದ ದೊಡ್ಡ ಹಂಡೆ ಇತ್ತು. ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಸಗಣಿಯ ಕುಳ್ಳು ಯಾವುದಕ್ಕೂ ಬರವಿರಲಿಲ್ಲ. ಗಂಡನ ಮನೆಯ ಮೊದಲ ದಿನ ಬಚ್ಚಲಿನ ಮಬ್ಬಿನಲ್ಲಿ ಥಳಥಳ ಹೊಳೆಯುವ ಈ ಆಕಾರವನ್ನು ಕಂಡು, ಯಾವುದೋ ಮನೆದೇವರಿರಬೇಕೆಂದು ಕೈಮುಗಿದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ. "ಕೈ ಮುಗದಿದ್ದು ಚಲೋ ಆತು. ಈ ಮನ್ಯಾಗ ಎಲ್ಲಾರಿಗಿಂತ ಹೆಚ್ಚು ಸೇವಾ ಇದಕ್ಕ ಮಾಡೂದದ" ಎಂದರು. ಆ ಮಾತು ಎಳ್ಳಷ್ಟೂ ಸುಳ್ಳಾಗಲಿಲ್ಲ.

ಸೊಲ್ಲಾಪುರದಲ್ಲಿ ಕಟ್ಟಿಗೆಯನ್ನು ದುಡ್ಡು ಕೊಟ್ಟು ವಖಾರದಿಂದ ತರಬೇಕು. ಅತ್ತೆಗೆ ಒಂದು ಚಕ್ಕೆ ದಂಡವಾದರೂ ಹೊಟ್ಟೆಯೊಳಗೆ ಉರಿ. "ಬಂಬಕ್ಕ ಹೊಟ್ಟಿ ಅದ, ಕಣ್ಣಿಲ್ಲ. ಹಾಕಿದಷ್ಟೂ ತಿಂತದ" ಎಂಬುದು ಅವರ ಮಾತು. ಸೂರ್ಯನೇ ಪುಕ್ಕಟೆ ಬೆಂಕಿ ಸುರಿಯುವ ಬೇಸಿಗೆಯಲ್ಲಿ ಕಟ್ಟಿಗೆ ಸುಡುವುದೆಂದರೆ ಅವರಿಗೆ ಪಾಪವೇ ಸರಿ. ಹಾಗಾಗಿ ಯುಗಾದಿ ಕಳೆದೊಡನೆ ನಮ್ಮ ಮನೆಯಲ್ಲಿ ಬಂಬಕ್ಕೆ ಬೇಸಿಗೆಯ ಕಟ್ಟಳೆ ಶುರುವಾಗುತ್ತಿತ್ತು.

ನಾಲ್ಕು ತಾಮ್ರದ ಕೊಡಗಳನ್ನು ಬೆಳಿಗ್ಗೆಯೇ ತುಂಬಿ ಮಾಳಿಗೆಯ ಮೇಲೆ ಬಿಸಿಲಿಗಿಡಬೇಕು. ಆ ನಾಲ್ಕರ ಹೊರಮೈಯನ್ನು ಮಾತ್ರ ತಿಕ್ಕುವಂತಿಲ್ಲ, ಮಸಿ ಹಿಡಿದೇ ಇರಬೇಕು. ಕರಿಯದು ಬಿಸಿಲನ್ನು ಹೆಚ್ಚು ಕುಡಿಯುತ್ತದೆ ಎಂದು ಅತ್ತೆ ತಾವೇ ನೋಡಿ ಕಂಡುಕೊಂಡಿದ್ದರು. ಓಣಿಯ ಹೆಂಗಸರು "ನಿಮ್ಮ ಸೊಸಿಗೆ ಕೈ ಇಲ್ಲೇನ್ರಿ?" ಎಂದು ಕೊಡ ನೋಡಿ ಆಡಿಕೊಳ್ಳುತ್ತಿದ್ದರು, ಆ ಮಾತು ತಾಗುತ್ತಿದ್ದುದು ನನಗೆ. ಇಳಿಹೊತ್ತಿಗೆ ನೀರು ಕೈ ಸುಡುವಷ್ಟಾಗುತ್ತಿತ್ತು. ಆಗ ಕೆಳಗಿಳಿಸಿ, ಜಾಲರಿಯಲ್ಲಿ ಒಂದು ಕಿಡಿಯೂ ಇಲ್ಲವೆಂದು ಬೆರಳಿಟ್ಟು ನೋಡಿ, ನೀರನ್ನು ಬಂಬಕ್ಕೆ ತುಂಬಿ, ಮೇಲಿಂದ ಕೆಳಗಿನವರೆಗೆ ಒಂದು ಹಳೆಯ ಕೌದಿ ಹೊದಿಸಿ ಹಗ್ಗ ಕಟ್ಟಬೇಕು. ಬೆಳಗಾದರೂ ನೀರು ಉಗುರುಬೆಚ್ಚಗೆ ಇರುತ್ತಿತ್ತು. ಕೌದಿ ಬಿಚ್ಚಿ ಒಂದು ಹಿಡಿ ಚಕ್ಕೆ ಹಾಕಿದರೆ ಸಾಕು, ಮಾವನವರ ಮೈ ತಂಪಾಗುವಷ್ಟು ಬಿಸಿಯಾಗುತ್ತಿತ್ತು. ಮನುಷ್ಯರು ಕೌದಿ ಒದ್ದು ಅಂಗಳದಲ್ಲಿ ಮಲಗುವ ದಿನಗಳಲ್ಲಿ ನಮ್ಮ ಮನೆಯಲ್ಲಿ ಕೌದಿ ಹೊದ್ದು ಮಲಗುತ್ತಿದ್ದುದು ಬಂಬವೊಂದೇ.

ಆದರೆ ಈ ಎಲ್ಲಕ್ಕೂ ಮೊದಲು ಅದರ ಹೊಟ್ಟೆ ತೊಳೆಯಬೇಕು. ನಮ್ಮ ಬಾವಿಯದು ಗಡಸು ನೀರು. ವರ್ಷವಿಡೀ ಕಾಯ್ದು ಕಾಯ್ದು ಕೊಳವೆಯ ಮೈಗೆ ಸುಣ್ಣದಂಥ ಬಿಳಿ ಹೊರೆ ಕಟ್ಟಿರುತ್ತಿತ್ತು. "ಕಂಬಳಿ ಹೊತ್ತವಗ ಬಿಸಿ ಲಗೂ ಹತ್ತೂದಿಲ್ಲ. ಕಟಗಿ ಎಲ್ಲಾ ಆ ಹೊರಿಗೇ ಹೋಗ್ತದ" ಎಂದು ಅತ್ತೆ ತಿಳಿಸಿ ಹೇಳುತ್ತಿದ್ದರು. ಹುಣಸೆಹುಳಿಯ ನೀರನ್ನು ಮೂರು ದಿನ ತುಂಬಿಡಬೇಕು. ಹೊರೆ ಮೆತ್ತಗಾದ ಮೇಲೆ ಬಿದಿರು ಕಡ್ಡಿಯಿಂದ ಮೆಲ್ಲಗೆ ಕೆರೆಯಬೇಕು. ತೆಂಗಿನ ನಾರಿನಿಂದ ಕೊಳವೆಯ ಮಸಿ ತೆಗೆಯಬೇಕು. ಸೋರುವ ತೋಟಿಗೆ ಎಣ್ಣೆಯಲ್ಲಿ ಅದ್ದಿದ ನೂಲು ಸುತ್ತಬೇಕು. ಇಷ್ಟೂ ಸೊಸೆಯ ಕೆಲಸ. ಮುಗಿದ ಮೇಲೆ ಸೊಸೆಗೆ ತವರು. ಅದು ಆ ಮನೆಯ ಪದ್ಧತಿ: ಬಂಬ ಬೇಸಿಗೆಗೆ ಹೊಂದಿತೆಂದರೆ ಸೊಸೆ ಹದಿನೈದು ದಿನ ಊರಿಗೆ ಹೋಗಬಹುದು.

ನಾನು ಹೇಳುತ್ತಿರುವುದು ಮದುವೆಯ ಮೂರನೆಯ ಬೇಸಿಗೆ. ಅದರ ಹಿಂದಿನ ವರ್ಷ ನಾದಿನಿಯ ಮದುವೆಯ ಗದ್ದಲದಲ್ಲಿ ನನ್ನ ತವರು ತಪ್ಪಿಹೋಗಿತ್ತು. ಎರಡು ವರ್ಷ ಅವ್ವನ ಮುಖ ನೋಡಿರಲಿಲ್ಲ. ರೊಟ್ಟಿ ಬಡಿಯುವಾಗ ಅವ್ವನ ಬಳೆಯ ಸಪ್ಪಳ ಕೇಳಿದಂತಾಗಿ ಕೈ ನಿಲ್ಲುತ್ತಿತ್ತು. ತಲೆಗೆ ನೀರೆರೆದುಕೊಳ್ಳುವಾಗ ಅಳುತ್ತಿದ್ದೆ, ಅಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲವಲ್ಲ. ಅಂಥ ನನಗೆ ಮೂರು ದಿನ ಹುಣಸೆನೀರು ನೆನೆಯುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಒಂದೇ ದಿನಕ್ಕೆ ನೀರು ಚೆಲ್ಲಿದೆ. ಬಿದಿರು ಕಡ್ಡಿಗೆ ಹೊರೆ ಬಗ್ಗಲಿಲ್ಲ. ಅತ್ತೆ ಮಧ್ಯಾಹ್ನ ಅಡ್ಡಾಗಿದ್ದಾಗ ಒಲೆಯ ಕಬ್ಬಿಣದ ಸಲಾಕೆ ತಂದು ಕೆರೆದೆ. ಬಿಳಿ ಹೊರೆ ಹಪ್ಪಳದಂತೆ ಉದುರಿತು. ಒಳ್ಳೆಯ ಉಪಾಯವೆಂದು ಹಿಗ್ಗಿದೆ.

ಮರುದಿನ ಮುಂಜಾನೆ ಬೆಂಕಿ ಹಾಕಿದರೆ ಬಂಬ ಬುಸುಗುಟ್ಟಿತು. ಕೊಳವೆಯ ಬೆಸುಗೆ ಬಿಟ್ಟು ನೀರು ಬೆಂಕಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಬಚ್ಚಲ ತುಂಬ ಹೊಗೆ, ಬೂದಿಯ ರಾಡಿ. ಮಾವನವರು ಪಂಚೆಯುಟ್ಟು ಬಂದು ನಿಂತರು, ನೋಡಿದರು, ತಣ್ಣೀರು ಹೊಯ್ದುಕೊಂಡು ಹೋದರು. ಅವರ ಜೀವಮಾನದಲ್ಲೇ ಅದು ಮೊದಲ ತಣ್ಣೀರಿರಬೇಕು. ತಾಮ್ರದ ಕೆಲಸ ಮಾಡುವ ತಾಂಬಟನಿಗೆ ಹೇಳಿಕಳಿಸಿದರೆ, ಲಗ್ನಸರಾಯಿ, ಮದುವೆಯ ಹಂಗಾಮಿನ ಪಾತ್ರೆಗಳು ಮುಗಿಯುವವರೆಗೆ ಕೈ ಬಿಡುವಿಲ್ಲವೆಂದ. ಊಟಕ್ಕೆ ಕುಳಿತಾಗ ಮಾವನವರು ತಾಟು ನೋಡುತ್ತಲೇ ತೀರ್ಪು ಕೊಟ್ಟರು: "ಕೆಡಿಸಿದಾಕೀನೇ ನಿಂತು ದುರಸ್ತ ಮಾಡಸ್ಲಿ. ಬಂಬ ಸರಿ ಆಗೂತನ ಊರಿಲ್ಲ ಗೀರಿಲ್ಲ." ನನ್ನ ಗಂಡ ತಂದೆಯ ಎದುರು ಉಪ್ಪು ಬೇಕೆಂದು ಕೇಳಲೂ ಅಂಜುವವರು. ಅವರು ಎರಡು ತುತ್ತು ಕಡಿಮೆ ಉಂಡರು, ಅಷ್ಟೇ ಅವರ ಕೈಲಾದ ಸಹಾಯ.

ತಾಂಬಟ ಬರುವ ಹೊತ್ತಿಗೆ ಬೇಸಿಗೆ ಮುಗಿದು ಮಿರಗದ ಮಳೆಯೇ ಶುರುವಾಗಿಬಿಡುತ್ತದೆ. ಬಿತ್ತನೆಯ ಹೊತ್ತಿನಲ್ಲಿ ತವರಿಗೆ ಯಾರು ಕಳಿಸುತ್ತಾರೆ? ಅಂದರೆ ಈ ವರ್ಷವೂ ಇಲ್ಲ. ನನ್ನ ಮೇಲೆ ನನಗೇ ಬಂದ ಸಿಟ್ಟು ಅಷ್ಟಿಷ್ಟಲ್ಲ. ಎರಡು ದಿನ ಉಳಿಸಲು ಹೋಗಿ ಇಡೀ ಬೇಸಿಗೆ ಕಳೆದುಕೊಂಡಿದ್ದೆ. ಅತ್ತೆ ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಅವರು ಕೌದಿಯನ್ನು ಮಡಚಿ ಗೂಟಕ್ಕೆ ಹಾಕಿದರು.

ಎಂಟು ಹತ್ತು ದಿನಗಳ ಮೇಲೆ ತಡವಳದಿಂದ ಒಂದು ಕಾರ್ಡು ಬಂತು.

ಆ ಮನೆಯ ಭಾಷೆಯ ವಿಷಯ ಇಲ್ಲಿ ಹೇಳಬೇಕು. ಗಂಡಸರ ಅಂಗಡಿ, ಲೆಕ್ಕ, ಪತ್ರ, ಸಿಟ್ಟು ಎಲ್ಲವೂ ಮರಾಠಿಯಲ್ಲಿ. ಕನ್ನಡ ಪ್ರತಿ ಪೀಳಿಗೆಯಲ್ಲೂ ಸೊಸೆಯರ ಜೊತೆ ಒಳಬಂದು ಅಡುಗೆಮನೆ ಬಚ್ಚಲುಗಳಲ್ಲೇ ಉಳಿದುಕೊಂಡಿತ್ತು. ಮಾವನವರು ನಮ್ಮೊಡನೆ ಕನ್ನಡ ಆಡುತ್ತಿದ್ದರು, ಆದರೆ ಕೇಳುವಾಗ ಅವರ ಕಿವಿ ಎಲ್ಲವನ್ನೂ ಮರಾಠಿಗೆ ತಿರುವಿಕೊಳ್ಳುತ್ತಿತ್ತು. ಕನ್ನಡ ಅಕ್ಷರ ಓದಲು ಬರುತ್ತಿದ್ದುದು ಇಡೀ ಮನೆಯಲ್ಲಿ ಅತ್ತೆಯೊಬ್ಬರಿಗೇ. ಅವರ ತವರು ಅಕ್ಕಲಕೋಟ. ಪುರಾಣದ ಪುಸ್ತಕ ಓದಿಸಿ ಅವರ ತಂದೆ ಚಿಕ್ಕಂದಿನಲ್ಲೇ ಅಕ್ಷರ ಕಲಿಸಿದ್ದರಂತೆ. ನನಗೆ ಓದು ಬರುತ್ತಿರಲಿಲ್ಲ.

ಅತ್ತೆ ಕಾರ್ಡನ್ನು ದೂರ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ಮಾವನವರ ಮುಂದೆ ಗಟ್ಟಿಯಾಗಿ ಓದಿದರು. ನಾನು ಬಾಗಿಲ ಮರೆಯಲ್ಲಿದ್ದೆ. ನನ್ನ ಅಣ್ಣ ಬರೆದದ್ದು ಒಂದೂವರೆ ಸಾಲು: "ಅವ್ವ ಕಾಯಾಕತ್ಯಾಳ. ತಂಗೀನ ಲಗೂ ಕಳಸ್ರಿ."

ಮಾವನವರು ಹುಬ್ಬು ಗಂಟಿಕ್ಕಿದರು. "ಕಾಯಾಕತ್ಯಾಳ ಅಂದ್ರ? ತಾಪ ಬಂದದೇನು?"

ಮರಾಠಿಯಲ್ಲಿ ತಾಪವೆಂದರೆ ಜ್ವರ. ಕನ್ನಡದಲ್ಲಿ ನೀರೂ ಕಾಯುತ್ತದೆ, ಜ್ವರ ಬಂದರೆ ಮೈಯೂ ಕಾಯುತ್ತದೆ, ಮಗಳ ದಾರಿ ನೋಡುತ್ತ ಕುಳಿತ ತಾಯಿಯೂ ಕಾಯುತ್ತಾಳೆ. ಎಲ್ಲಕ್ಕೂ ಒಂದೇ ಮಾತು.

ಅತ್ತೆ ಕಾರ್ಡಿನಿಂದ ಕಣ್ಣೆತ್ತಲಿಲ್ಲ. "ಹೂಂ. ಕಾಯಾಕತ್ಯಾಳ ಅಂತ ಬರದಾರ್ರಿ" ಎಂದರು.

"ಭಾಳ ಅದ ಏನು?"

"ಲಗೂ ಕಳಸ್ರಿ ಅಂತ ಬರದಾರಂದ್ರ ಭಾಳೇ ಇರಬೇಕ್ರಿ."

ನನಗೆ ಗೊತ್ತಾಯಿತು. ಓದು ಬಾರದಿದ್ದರೂ ನನ್ನ ಮನೆಯವರ ಮಾತು ನನಗೆ ಬರುತ್ತಿತ್ತು. ನಮ್ಮೂರಲ್ಲಿ ಜ್ವರಕ್ಕೆ ಉರಿ ಎನ್ನುತ್ತಾರೆ, "ಉರಿ ಬಂದಾವ" ಎನ್ನುತ್ತಾರೆ. ಅವ್ವ ಸಂತೆಗೆ ಬಂದವರ ಕೈಯಲ್ಲಿ ಎರಡು ವರ್ಷ ಹೇಳಿಕಳಿಸಿದ್ದು ಇದೊಂದೇ ಮಾತು, ಕಾಯಾಕತ್ತೀನಿ. ಅತ್ತೆ ತಪ್ಪು ತಿಳಿದರು, ಮಾವನವರು ಇನ್ನೂ ತಪ್ಪು ತಿಳಿದರು, ಸರಿಯಾದುದು ತಿಳಿದವಳು ನಾನೊಬ್ಬಳೇ. ಬಾಗಿಲಾಚೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಬದುಕಿರುವ, ಗಟ್ಟಿಮುಟ್ಟಾಗಿರುವ ಅವ್ವನಿಗೆ ನನ್ನ ಬಾಯಾರೆ ಅಲ್ಲದಿದ್ದರೂ ನನ್ನ ಮೌನದಿಂದ ಜ್ವರ ಹಚ್ಚಿದೆ. ಪಾಪವೆನಿಸಿತು, ಅದಕ್ಕಿಂತ ನೂರು ಪಟ್ಟು ಸಂತೋಷವೆನಿಸಿತು.

ಮರುದಿನದ ರೈಲಿಗೇ ಹೊರಡಬೇಕೆಂದಾಯಿತು. ಅಂಗಡಿಯ ಮುದುಕ ಗುಮಾಸ್ತ ಅಕ್ಕಲಕೋಟದವರೆಗೆ ಬಂದು, ಸಂತೆಗೆ ಬರುವ ನಮ್ಮೂರ ಗಾಡಿಗೆ ನನ್ನನ್ನು ಹತ್ತಿಸುವುದು. ಗಂಟು ಕಟ್ಟಿಕೊಡುವಾಗ ಅತ್ತೆ ದನಿ ತಗ್ಗಿಸಿ ಒಂದು ಮಾತು ಹೇಳಿದರು.

"ಅಕ್ಕಲಕೋಟದಾಗ ಬಾವಿ ಓಣ್ಯಾಗ ಹಾದು ಹೋಗ್ತಿ. ಬಾವಿ ದಾಟಿ ಮೂರನೇದ್ದು ನಮ್ಮ ಮನಿ. ಅವ್ವ ಹ್ವಾದ ಮ್ಯಾಲ ಅಣ್ಣ ಮಾರಿ ಹೋದ. ಈಗ ಯಾರದಾರೋ ಗೊತ್ತಿಲ್ಲ. ಒಳಗ ಹೋಗಬ್ಯಾಡ. ಬಚ್ಚಲ ಗ್ವಾಡಿಗೆ ಒಂದು ಹೊಗಿ ಕಿಂಡಿ ಅದ, ಓಣಿ ಕಡೀಗೆ. ಹೊಗಿ ಬರ್ತದೋ ಇಲ್ಲೋ, ಅಷ್ಟು ನೋಡ್ಕೊಂಡು ಬಾ."

"ನೋಡ್ತೀನ್ರಿ ಅತ್ತಿ" ಎಂದೆ. ಆ ಗಳಿಗೆಯಲ್ಲಿ ಅವರು ಚಂದ್ರನನ್ನು ತಾ ಎಂದಿದ್ದರೂ ತರುತ್ತೇನೆನ್ನುತ್ತಿದ್ದೆ.

ಗಾಡಿ ಬಾವಿ ಓಣಿಯಲ್ಲಿ ಹಾದುಹೋಯಿತು. ನಾನು ಸೆರಗಿನ ಮರೆಯಿಂದ ಎತ್ತುಗಳ ಆಚೆಗೆ, ಓಣಿಯ ಆಚೆಗೆ, ತಡವಳದ ದಾರಿಯನ್ನೇ ನೋಡುತ್ತಿದ್ದೆ. ಬಾವಿ ಬಂದದ್ದೂ ಗೊತ್ತಿಲ್ಲ, ಹೋದದ್ದೂ ಗೊತ್ತಿಲ್ಲ.

ಸಂಜೆ ಊರು ಕಾಣುವ ಹೊತ್ತಿಗೆ ನಮ್ಮ ಮನೆಯ ಬಚ್ಚಲ ಕಡೆಯಿಂದ ಹೊಗೆ ಏಳುತ್ತಿತ್ತು. ಇಷ್ಟು ಸೆಕೆಯಲ್ಲಿ, ಈ ಹೊತ್ತಿನಲ್ಲಿ ಯಾರು ನೀರು ಕಾಸುತ್ತಾರೆ? ಗಾಡಿ ನಿಲ್ಲುವ ಮೊದಲೇ ಇಳಿದು ಓಡಿದೆ. ಅವ್ವ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತೊಗರಿ ಕಟ್ಟಿಗೆ ಮುರಿದು ಒಲೆಗೆ ತುರುಕುತ್ತಿದ್ದಳು. ತಿರುಗಿ ನೋಡಿದವಳು ಏಳಲೂ ಇಲ್ಲ, ಅಲ್ಲೇ ಕುಳಿತುಬಿಟ್ಟಳು. "ಬಂದೇನ ನನ್ನವ್ವ" ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಯುಗಾದಿ ಪಾಡ್ಯಾ ಆದಾಗಿಂದ ದಿನಾ ಸಂಜಿಗಿ ನೀರು ಕಾಸೀನಿ. ಗಾಡ್ಯಾಗ ಬಂದ್ರ ಮೈ ತುಂಬ ಧೂಳಾಗಿರ್ತದಲ್ಲ. ದಿನಾ ಕಾಯ್ದು ದಿನಾ ಆರಿ ಹೋಗ್ತಿದ್ದವು" ಎಂದಳು.

ಅಣ್ಣ ಅದಕ್ಕೇ ಬೇಸತ್ತು ಕಾರ್ಡು ಬರೆದಿದ್ದನಂತೆ. ಅವ್ವ ಊರ ಹೊಲದ ತೊಗರಿ ಕಟ್ಟಿಗೆಯನ್ನೆಲ್ಲ ಬಾರದ ಮಗಳಿಗೆ ಸುಡುತ್ತಿದ್ದಾಳೆಂದು ದೂರಿದ. ಒಂದು ಹಿಡಿ ಚಕ್ಕೆಗೆ ಲೆಕ್ಕ ಹಾಕುವ ಮನೆಯಿಂದ ಬಂದ ನಾನು ಆ ಹಂಡೆಯ ಮುಂದೆ ನಿಂತೆ. ನನಗಾಗಿ ದಂಡವಾದ ಅಷ್ಟು ಬೆಂಕಿಯ ಲೆಕ್ಕ ನನಗೆ ಹತ್ತಲಿಲ್ಲ. ಅವ್ವ ತಾನೇ ನೀರೆರೆದಳು. ಎರಡು ಮಕ್ಕಳ ತಾಯಾಗುವ ವಯಸ್ಸಿನವಳಿಗೆ ಬೆನ್ನು ತಿಕ್ಕಿ, ಕಿವಿಯ ಹಿಂದೆ ಬೆರಳಾಡಿಸಿ ಎರೆದಳು. ಇಷ್ಟು ವರ್ಷಗಳಾದರೂ ಆ ನೀರಿನ ಹದ ನನ್ನ ಮೈಗೆ ನೆನಪಿದೆ. ಅಂಥ ಹದ ನಾನು ಮತ್ತೆ ಎಂದೂ ಹಿಡಿಯಲಾರದೆ ಹೋದೆ.

ಬಂಬದ ಕೌದಿಯ ಸಂಗತಿ ಹೇಳಿದಾಗ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, "ನಿಮ್ಮತ್ತಿ ಶಾಣ್ಯಾಕಿ. ಕಾಯ್ದ ನೀರು ಆರಬಾರದು ಅಂತ ಗೊತ್ತದ ಆಕಿಗೆ" ಎಂದಳು. ನನ್ನ ಚಿಕ್ಕಂದಿನ ಲಂಗ ಪರಕಾರಗಳು ಒಂದು ಗಂಟಿನಲ್ಲಿದ್ದವು. ಹದಿನೈದು ದಿನವೂ ಮಧ್ಯಾಹ್ನ ಕುಳಿತು ಅವನ್ನು ಹಚ್ಚಿ ಬಂಬದ ಅಳತೆಗೆ ಒಂದು ಕೌದಿ ಹೊಲಿದಳು. ಅಳತೆಗೆ ನನ್ನನ್ನೇ ನಿಲ್ಲಿಸಿ ಸುತ್ತುತ್ತಿದ್ದಳು. ನಾನು ಬಂಬದಷ್ಟು ದಪ್ಪವಿಲ್ಲವೆಂದರೆ, "ಹಿಂಗ ತವರಿಗಿ ಬರ್ತಾ ಇರು, ಆಗ್ತಿ" ಎನ್ನುವಳು.

ಹದಿನೈದು ದಿನ ಕಳೆದು ಮರಳುವಾಗ ಅತ್ತು ಅತ್ತು ಕಣ್ಣು ಬಾತಿದ್ದವು. ಬಾವಿ ಓಣಿಯಲ್ಲಿ ಸೆರಗು ಮುಖದ ಮೇಲೆಯೇ ಇತ್ತು. ಸೊಲ್ಲಾಪುರದ ಮನೆಯ ಹೊಸ್ತಿಲಲ್ಲಿ ಕಾಲಿಟ್ಟಾಗಲೇ ನನಗೆ ಹೊಗೆ ಕಿಂಡಿಯ ನೆನಪಾದದ್ದು.

ತಾಂಬಟ ಅಂದುಕೊಂಡದ್ದಕ್ಕಿಂತ ಬೇಗ ಬಂದಿದ್ದ. ಬಂಬಕ್ಕೆ ಹೊಸ ಬೆಸುಗೆ ಬಿದ್ದಿತ್ತು. ಇಳಿಹೊತ್ತಿಗೆ ಅತ್ತೆ ಮತ್ತು ನಾನು ಮಾಳಿಗೆಯ ಕೊಡಗಳನ್ನು ಇಳಿಸಿ ನೀರು ತುಂಬಿದೆವು. ಅವ್ವನ ಕೌದಿ ಬಿಚ್ಚಿದೆ. ಅತ್ತೆ ಅದರ ಹೊಲಿಗೆಯ ಮೇಲೆ ಕೈಯಾಡಿಸಿದರು.

"ಬೀಗತಿ ತಾಪ ಇಳೀತೇನು?"

"ಇಳೀತ್ರಿ" ಎಂದೆ, ನೆಲ ನೋಡುತ್ತ.

"ಮಗಳು ಹ್ವಾದ ಮ್ಯಾಲ ಇಳೀದೇ ಏನು ಮಾಡ್ತದ?" ಎಂದು ಹಗ್ಗ ಬಿಗಿದರು. "ಕಾಯೂದಂದ್ರ ಏನಂತ ನನಗ ತಿಳಿಯೂದಿಲ್ಲ ಅಂತ ಮಾಡೀದ್ಯಾ?"

ನಾನು ತಲೆಯೆತ್ತಿದೆ. "ಮತ್ತ ಮಾವ್ನೋರಿಗೆ..."

"ನಾ ಸುಳ್ಳು ಹೇಳಿಲ್ಲ. ಕಾರ್ಡಿನ್ಯಾಗ ಏನಿತ್ತೋ ಅದನ್ನ ಓದೀನಿ, ಎರಡು ಸಲ. ಅವರ ಕಿವ್ಯಾಗ ಮರಾಠಿ ಕುಂತದ, ಅದಕ್ಕ ನಾ ಏನು ಮಾಡ್ಲಿ?"

ಇಬ್ಬರೂ ನಕ್ಕೆವು. ಮೂರು ವರ್ಷದಲ್ಲಿ ಅತ್ತೆ ನಕ್ಕದ್ದನ್ನು ನಾನು ಅಂದೇ ಕಂಡದ್ದು. ನಗು ನಿಂತ ಮೇಲೆ ಅವರು ಕೌದಿಯ ಅಂಚು ಸರಿಮಾಡುತ್ತ, ನನ್ನತ್ತ ನೋಡದೆ ಕೇಳಿದರು. "ಹೊಗಿ ಬರ್ತಿತ್ತೇನು?"

ಮರೆತೆನೆಂದು ಹೇಗೆ ಹೇಳಲಿ? ನನ್ನ ಅವ್ವನನ್ನು ನನಗೆ ಕೊಟ್ಟವರು ಅದಕ್ಕೆ ಬದಲಾಗಿ ಕೇಳಿದ್ದು ಒಂದು ನೋಟ. ಹೋಗುವಾಗ ಇಲ್ಲ, ಬರುವಾಗ ಇಲ್ಲ.

"ಬರ್ತಿತ್ರಿ ಅತ್ತಿ."

"ಬೆಳ್ಳಗಿತ್ತೋ, ಕರ್ರಗೋ?"

"ಬೆಳ್ಳಗ."

"ಕುಳ್ಳಿನ ಹೊಗಿ ಬೆಳ್ಳಗಿರ್ತದ. ನಮ್ಮವ್ವ ಕುಳ್ಳೇ ಹಚ್ಚತಿದ್ಲು" ಎಂದರು. ಬಂಬದ ಮೇಲೆ ಒಂದು ಗಳಿಗೆ ಕೈಯಿಟ್ಟು ನಿಂತರು. "ಹಂಗಾರ ಯಾರೋ ಕಾಸಾಕತ್ಯಾರ. ಚಲೋ ಆತು." ಅಂದು ಸಂಜೆಯೆಲ್ಲ ಅವರು ಹಗುರಾಗಿದ್ದರು.

ಅಲ್ಲಿಂದ ಮುಂದೆ ಪ್ರತಿ ಬೇಸಿಗೆಯಲ್ಲೂ ತಡವಳದಿಂದ ಕಾರ್ಡು ಬರುವುದು, ಅತ್ತೆ ಅದನ್ನು ತಮ್ಮ ರೀತಿಯಲ್ಲಿ ಓದುವುದು ನಡೆಯಿತು. ನಾನೂ ಹುಣಸೆನೀರನ್ನು ಮೂರು ದಿನ ನೆನೆಯಲು ಬಿಡುವುದನ್ನು ಕಲಿತೆ. ಅತ್ತೆ ಹೊಗೆಯ ವಿಷಯ ಮತ್ತೆ ಕೇಳಲಿಲ್ಲ. ದಾರಿಯಲ್ಲಿ ನೋಡುವ ಧೈರ್ಯ ನನಗೂ ಆಗಲಿಲ್ಲ. ಓಣಿ ಬಂದರೆ ಕಣ್ಣು ಮುಚ್ಚುತ್ತಿದ್ದೆ. ಏಳೆಂಟು ವರ್ಷಗಳಲ್ಲಿ ಮೊದಲು ಅತ್ತೆ ಹೋದರು, ಮರುವರ್ಷದ ಬೇಸಿಗೆಯಲ್ಲಿ ಅವ್ವ ಹೋದಳು. ಅವ್ವನ ದಿನಕರ್ಮ ಮುಗಿಸಿ ಮರಳುವಾಗ ಅಕ್ಕಲಕೋಟದಲ್ಲಿ ಗಾಡಿ ನಿಲ್ಲಿಸಲು ಹೇಳಿದೆ. ಇನ್ನು ಈ ದಾರಿಯಲ್ಲಿ ಬರಲು ನನಗೆ ಕಾರಣವಿರಲಿಲ್ಲ.

ಬಾವಿ ದಾಟಿ ಎಣಿಸಿದೆ. ಒಂದು, ಎರಡು. ಮೂರನೆಯದು ಮನೆಯೇ ಅಲ್ಲ, ಬಯಲು. ಒಂದು ಬೇವಿನ ಗಿಡ, ಎರಡು ಎಮ್ಮೆ. ಪಕ್ಕದ ಮನೆಯ ಮುದುಕಿ ಹೊರಬಂದಳು. "ಆ ಮನಿ ಬಿದ್ದು ಇಪ್ಪತ್ತು ವರ್ಷರೆ ಆಗಿರಬೇಕು ನೋಡವಾ. ಕೊಂಡವರು ಒಂದಿನಾನೂ ಇರ್ಲಿಲ್ಲ" ಎಂದಳು. ಲೆಕ್ಕ ಹಾಕಿದೆ. ನಾನು ಸೊಲ್ಲಾಪುರಕ್ಕೆ ಸೊಸೆಯಾಗಿ ಬರುವ ಮೊದಲೇ ಅದು ಬಿದ್ದಿತ್ತು. ಅಂದು ಕಣ್ಣು ಬಿಟ್ಟು ನೋಡಿದ್ದರೆ ನಾನು ಈ ಬಯಲಿನ ಸುದ್ದಿಯನ್ನೇ ಒಯ್ಯಬೇಕಾಗುತ್ತಿತ್ತು. ಆದರೂ ನೋಡಬೇಕಿತ್ತು. ಅವರು ಕೇಳಿದ್ದು ಅಷ್ಟೇ ಇತ್ತು. ಬಹಳ ಹೊತ್ತು ಅಲ್ಲೇ ನಿಂತು, ಗೋಡೆಯಿಲ್ಲದ ಆ ಜಾಗವನ್ನು ಅವರಿಗಾಗಿ ನೋಡಿದೆ.

ಸೊಲ್ಲಾಪುರದ ಮನೆ ತಲುಪಿದಾಗ ಇಳಿಹೊತ್ತಾಗಿತ್ತು. ಯಾರೂ ಹೇಳುವ ಮೊದಲೇ ಮಾಳಿಗೆ ಹತ್ತಿ ಕೊಡ ಇಳಿಸಿ, ಜಾಲರಿಗೆ ಬೆರಳಿಟ್ಟು ನೋಡಿ, ಬಂಬಕ್ಕೆ ನೀರು ತುಂಬಿದೆ. ಅವ್ವನ ಕೌದಿಯ ಹೊಲಿಗೆ ಅಲ್ಲಲ್ಲಿ ಪಿಸಿದಿತ್ತು. ಹೊದಿಸಿ ಹಗ್ಗ ಕಟ್ಟಿ, ಅತ್ತೆ ಇಡುತ್ತಿದ್ದ ಹಾಗೆಯೇ ಅದರ ಮೇಲೆ ಕೈಯಿಟ್ಟೆ.

"ಅತ್ತಿ, ನೋಡಿ ಬಂದೀನ್ರಿ" ಎಂದೆ. "ಹೊಗಿ ಬೆಳ್ಳಗೇ ಬರ್ತಿತ್ತು."